ಉಪ್ಪಿನಲ್ಲಿಟ್ಟ ಫಿಲ್ಮು

ಕಿಟಕಿಯ ಗಾಜಿನ ಮೇಲೆ ಯಾರದೋ ಎಣ್ಣೆತಲೆ ಒರಗಿದ ಗುರುತು, ಅದರ ಮೂಲಕ ನೋಡಿದರೆ ಬಿಣಗಾದ ಸಮುದ್ರ ಮಸುಕು, ಕತ್ತು ತುಸು ಸರಿಸಿದರೆ ಚೊಕ್ಕ, ಮತ್ತೆ ಈಚೆ ತಂದರೆ ಮಸುಕು — ಇದೇ ಗೋಳು ಎಂದುಕೊಂಡಳು ಸುಮಿತಾ, ಕೂದಲೆಳೆಯಷ್ಟು ಆಚೀಚೆಯಾದರೆ ಮುಗಿಯಿತು, ಫೋಕಸ್ ಹೋಯಿತು, ಮುಖ ಹೋಯಿತು, ಮುಖವೇ ಹೋದ ಮೇಲೆ ಎಂಥ ಕ್ಯಾಮೆರಾ ತಂದು ಏನು ಮಾಡುವುದು, ಬಸ್ಸು ಗುಂಡಿಗೆ ಬಿದ್ದು ಎದ್ದಿತು, ತೊಡೆಯ ಮೇಲಿನ ಚೀಲವನ್ನು ಎದೆಗೆ ಒತ್ತಿ ಹಿಡಿದಳು, ಒಳಗೆ ಫಿಲ್ಮಿನಡಿ ಹಚ್ಚಿಡುವ ಬೆಳಕಿನ ಹಲಗೆ, ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿ, ಹತ್ತಿಯ ಕೈಗವಸು, ಹಲಗೆ ಒಡೆದರೆ ಇವತ್ತಿನ ಕೆಲಸವೇ ಇಲ್ಲ, ಪಕ್ಕದ ಹೆಂಗಸು ಮೀನಿನ ಬುಟ್ಟಿಯನ್ನು ಕಾಲಿಂದ ಸರಿಸಿ, ಯೆಂತಾ ಬಾಯಿ, ಮೊಟ್ಟೆ ಅದ್ಯಾ ಚೀಲದಲ್ಲಿ ಎಂದು ನಕ್ಕಳು, ಹ್ಞೂಂ ಮೊಟ್ಟೆಯೇ ಎಂದಳು ಇವಳೂ, ಮೊಬೈಲು ನಡುಗಿತು, ಹುಬ್ಬಳ್ಳಿಯ ರವಿಕಿರಣ, ಹಳೇ ಕ್ಯಾಮೆರಾ ಮಾರುವವನು, ಮೇಡಂ ಎರಡೂ ಸೆಟ್ ತಗದಿಟ್ಟೀನ್ರೀ, ಮಧ್ಯಾಹ್ನದ ಬಸ್ಸಿಗೆ ಒಂದು ಹಾಕ್ತೀನಿ, ಯಾವ್ದು ಅಂತ ಹೇಳ್ರಿ, ಉಳಿದದ್ದಕ್ಕ ಬ್ಯಾರೇದವ್ರು ಕಾಯಾಕತ್ಯಾರ. ಯಾವುದು ಎಂದು ಹೇಳುವುದು ಅಷ್ಟು ಸಲೀಸಾಗಿದ್ದರೆ ಮೂರು ವಾರದಿಂದ ನಿದ್ದೆ ಕೆಡುತ್ತಿತ್ತೇ, ಒಂದು ಹಳೆಯ ನಮೂನೆಯ ಕ್ಯಾಮೆರಾ, ಒಳಗೆ ಕನ್ನಡಿ ಎದ್ದು ಬೀಳುತ್ತದೆ, ಅದರ ಜೊತೆಗಿರುವ ಮ್ಯಾಕ್ರೋ ಲೆನ್ಸು ವಸ್ತು ಇದ್ದಷ್ಟೇ ದೊಡ್ಡದಾಗಿ ತೋರಿಸುತ್ತದೆ, ಫಿಲ್ಮು ತುಸು ಸೊಟ್ಟಗಿದ್ದರೂ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ, ಆದರೆ ಈ ಹಳೇ ಸಿನಿಮಾ ಫಿಲ್ಮಿನ ಒಂದೊಂದು ಚೌಕ ತೊಗರಿಕಾಳಿನಷ್ಟು, ಅಷ್ಟನ್ನು ತೆಗೆದು ದೊಡ್ಡದು ಮಾಡಿದರೆ ಮೂಗು ಯಾವುದು ಬಾಯಿ ಯಾವುದು, ಇನ್ನೊಂದು ಹೊಸ ನಮೂನೆ, ಕನ್ನಡಿಯಿಲ್ಲ, ಸದ್ದಿಲ್ಲ, ಅಲುಗಾಟವಿಲ್ಲ, ಲೆನ್ಸು ಐದು ಪಟ್ಟು ಹಿಗ್ಗಿಸುತ್ತದೆ, ತೊಗರಿಕಾಳಿನ ಮೇಲಿನ ಗೀರೂ ಕಾಣುತ್ತದೆ, ಆದರೆ ಅದು ಚೊಕ್ಕ ತೋರಿಸುವ ಆಳ ಈರುಳ್ಳಿ ಸಿಪ್ಪೆಯಷ್ಟು, ಫಿಲ್ಮು ಮುರುಟಿದ್ದರೆ ಒಂದು ಕಡೆ ಚೊಕ್ಕ, ಉಳಿದದ್ದೆಲ್ಲ ಈ ಎಣ್ಣೆಗಾಜು. ಅತ್ತ ದರಿ ಇತ್ತ ಪುಲಿ. ಮೊದ್ಲು ಫಿಲ್ಮ್ ಚಪ್ಪಟ್ಟ ಐತೋ ಇಲ್ಲೋ ನೋಡ್ಕೊಂಡು ಬರ್ರಿ, ಆಮ್ಯಾಲೆ ಹೇಳ್ರಿ ಅಂದಿದ್ದ ರವಿಕಿರಣ, ಅದಕ್ಕೇ ಹೊರಟಿದ್ದಾಳೆ ಹಾರವಾಡಕ್ಕೆ, ತನ್ನನ್ನು ಬೆಳೆಸಿದ ಗಂಗತ್ತೆಯ ಮನೆಗೆ, ಫಿಲ್ಮು ಇರುವುದು ಅಲ್ಲೇ.

ಕಿಶನ ಬೆಳಿಗ್ಗೆ ತಿಂಡಿ ತಿನ್ನುತ್ತ ಹೇಳಿದ್ದ, ಮೊಬೈಲಲ್ಲೇ ತೆಗೀಯೆ ಮಾರಾಯ್ತಿ, ಈಗಿನ ಮೊಬೈಲು ಚಂದ್ರನನ್ನೂ ತೆಗೀತದೆ, ಗಂಡನೆನಿಸಿಕೊಂಡವನಿಗೆ ಎಲ್ಲವೂ ಸುಲಭ, ತೆಗೆಯದೆ ಬಿಟ್ಟಿದ್ದಾಳೆಯೇ ಇವಳು, ಹೋದ ಸಲ ತುದಿಯ ಕೆಲವು ಚೌಕ ಮೊಬೈಲಿನಲ್ಲೇ ತೆಗೆದಳು, ಆಕಾಶ ಬಂತು, ದೋಣಿಯ ಮೂತಿ ಬಂತು, ಮರಳಲ್ಲಿ ನಿಂತ ಯಾರೋ ಮುದುಕನ ಮುಖವೂ ಬಂತು, ನುಣ್ಣಗೆ, ಪೌಡರು ಹಚ್ಚಿದ ಮದುಮಗನ ಹಾಗೆ, ಆಮೇಲೆ ಭೂತಗನ್ನಡಿಯಲ್ಲಿ ನೋಡಿದರೆ ಆ ಚೌಕದಲ್ಲಿ ಮುಖವಿರಬೇಕಾದಲ್ಲಿ ಬರೀ ಕಂದು ಕಲೆ, ಮೊಬೈಲು ತಾನೇ ಕಣ್ಣು ಮೂಗು ಬರೆದು ಕೂರಿಸಿತ್ತು, ಹೆತ್ತ ಆಯಿಯ ಮುಖವನ್ನು ಮೊಬೈಲು ಬರೆದು ಕೊಡುವುದು ಬೇಡ, ಬೇಡವೇ ಬೇಡ, ಅದನ್ನೇ ಆಯಿ ಎಂದುಕೊಂಡು ಚೌಕಟ್ಟು ಹಾಕಿ ಊದಿನಕಡ್ಡಿ ಹಚ್ಚಿ — ಎಷ್ಟು ಮುಖ ತೆಗೆದಿಲ್ಲ ಅವಳು, ಕೋಡಿಬಾಗದ ಆ ಪುಟ್ಟ ಸ್ಟುಡಿಯೋದಲ್ಲಿ, ಆಧಾರ್ ಕಾರ್ಡಿನ ಮುಖ, ಮದುವೆಯ ಮುಖ, ಸತ್ತವರ ಹಳೇ ಫೋಟೋ ತಿದ್ದಿ ಕೊಟ್ಟ ಮುಖ, ಗಲ್ಲ ಕೆಳಗೆ, ಕಣ್ಣು ಇಲ್ಲಿ, ಉಸಿರು ಹಿಡೀರಿ, ಊರಿನವರದೆಲ್ಲ ಆಯಿತು, ತನ್ನ ಆಯಿಯದು ಮಾತ್ರ ಇಲ್ಲ, ಮದುವೆಯಲ್ಲಿ ಫೋಟೋದವನನ್ನು ಕರೆಯುವ ರೂಢಿ ಆಗ ಖಾರ್ವಿಕೇರಿಯಲ್ಲಿ ಯಾರಿಗಿತ್ತು, ಇವಳು ಹುಟ್ಟಿದ ವಾರದಲ್ಲೇ ಜ್ವರ ಬಂದು ಹೋದಳು ಕಮಲಿ, ನಿನ್ನ ಹಾಗೇ ಇದ್ದಳು ಎಂದು ಒಬ್ಬರು, ಇಲ್ಲ ಇಲ್ಲ ಇವಳು ಅಪ್ಪನ ಪಡಿಯಚ್ಚು ಎಂದು ಇನ್ನೊಬ್ಬರು, ಕನ್ನಡಿಯ ಮುಂದೆ ನಿಂತು ಅಪ್ಪನ ಮೂಗನ್ನು ಕಳೆದು ಅಪ್ಪನ ಗಲ್ಲವನ್ನು ಕಳೆದು ಉಳಿದದ್ದು ಆಯಿ ಎಂದು ಹುಡುಕುತ್ತಿದ್ದಳು ಶಾಲೆಗೆ ಹೋಗುವ ವಯಸ್ಸಿನಲ್ಲಿ, ಮಾಸ್ತರರು ಬೋರ್ಡಿನ ಮೇಲೆ ಉಪ್ಪಿಗಿಂತ ರುಚಿಯಿಲ್ಲ ತಾಯಿಗಿಂತ ಬಂಧುವಿಲ್ಲ ಎಂದು ಬರೆದ ದಿನ ಹೊಟ್ಟೆನೋವೆಂದು ಮನೆಗೆ ಬಂದುಬಿಟ್ಟಿದ್ದಳು, ಗಂಗತ್ತೆ ಓಂಕಾಳಿನ ನೀರು ಕುಡಿಸಿದಳು.

ಅರ್ಗಾದ ನೌಕಾನೆಲೆಯ ಗೋಡೆ ಮುಗಿಯುವುದೇ ಇಲ್ಲ, ಇಲ್ಲಿ ಸಿಗ್ನಲ್ಲೂ ಸರಿಯಿಲ್ಲ, ರವಿಕಿರಣ ಈಗ ಫೋನು ಮಾಡಿ ಹತ್ತದಿದ್ದರೆ, ಹತ್ತಲಿಲ್ಲವೆಂದು ಎರಡನ್ನೂ ಬೇರೆಯವರಿಗೆ ಕೊಟ್ಟುಬಿಟ್ಟರೆ, ಇನ್ನೊಂದು ಸೆಟ್ ಸಿಗುವ ಹೊತ್ತಿಗೆ ಗಂಗತ್ತೆಯ ಕಣ್ಣು — ಬೇಡ, ಅದನ್ನು ನೆನೆಯುವುದು ಬೇಡ ಎಂದರೂ ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇದೆ, ಕಣ್ಣಿನ ನರ ಒಣಗುತ್ತ ಬಂದಿದೆ, ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು, ಆಸ್ಪತ್ರೆಯಿಂದ ಬರುವಾಗ ರಿಕ್ಷಾದಲ್ಲಿ ಗಂಗತ್ತೆ ಅಳಲಿಲ್ಲ, ಅಟ್ಟದ ಮೇಲಿನ ಭರಣಿ ಇಳ್ಸೂದದೆ ಮಗಾ, ಮನೆಗೆ ಹೋದ್ಕೂಡ್ಲೆ ಎಂದಳು, ಇವಳು ಒಣ ಬಂಗಡೆಯದೆಂದುಕೊಂಡಳು, ಕಣ್ಣು ಹೋಗುವ ಸುದ್ದಿ ಕೇಳಿ ಬಂದವಳಿಗೆ ಬಂಗಡೆಯ ಯೋಚನೆಯೇ ಎಂದು ಒಳಗೊಳಗೇ ಸಿಟ್ಟೂ ಬಂತು, ಭರಣಿಯಲ್ಲಿ ಸಾಣಿಕಟ್ಟೆಯ ಉಪ್ಪು ಕಲ್ಲಾಗಿ ಕೂತಿತ್ತು, ಒನಕೆಯ ತುದಿಯಲ್ಲಿ ಕುಟ್ಟಿ ಕುಟ್ಟಿ ಬಿಡಿಸಿದರೆ ಒಳಗಿನಿಂದ ತುಕ್ಕು ತಿಂದ ಡಬ್ಬಿ, ಡಬ್ಬಿಯೊಳಗೆ ಫಿಲ್ಮಿನ ಸುರುಳಿ, ಹಡಗಿನಲ್ಲಿ ಕೆಲಸಕ್ಕಿದ್ದ ಗಂಗತ್ತೆಯ ಗಂಡ ಮಧುಕರಮಾವ ಸಿಂಗಾಪುರದಲ್ಲಿ ಕೊಂಡ ಪುಟ್ಟ ಸಿನಿಮಾ ಕ್ಯಾಮೆರಾದಲ್ಲಿ ರಜೆಗೆ ಬಂದಾಗ ತೆಗೆದದ್ದು, ಅದನ್ನು ಹೊರದೇಶದಲ್ಲೇ ತೊಳೆಸಿ ಮರುವರ್ಷ ತಂದು ಗೋಡೆಗೆ ಪಂಚೆ ಕಟ್ಟಿ ತೋರಿಸಿದನಂತೆ, ಅಷ್ಟರಲ್ಲಿ ಕಮಲಿ ಇರಲಿಲ್ಲ, ಪಂಚೆಯ ಮೇಲೆ ಅವಳು ಬಂದದ್ದೇ ಇವಳ ಅಪ್ಪ ಶನಿಯಾರ ಎದ್ದು ದೀಪಕ್ಕೆ ಅಡ್ಡ ನಿಂತುಬಿಟ್ಟನಂತೆ, ಸಾಕು ಮಧು, ಬಂದ್ ಮಾಡು, ಅವನು ಬದುಕಿರುವ ತನಕ ಯಾರೂ ಆ ಮಾತೆತ್ತಲಿಲ್ಲ, ಮಾವ ತೀರಿದ ಮೇಲೆ ತೋರಿಸುವ ಯಂತ್ರವನ್ನು ಯಾರೋ ಒಯ್ದರು, ಸುರುಳಿ ಉಳಿಯಿತು, ಗಂಗತ್ತೆ ಅದನ್ನು ಉಪ್ಪಿಗೆ ಹಾಕಿದಳು. ನಿನ್ ಆಯಿ ಅದ್ರಲ್ಲಿ ಅದೆ, ಕೆಡೂಕೆ ಬಿಡೂದಾ, ಉಪ್ಪಲ್ಲಿಟ್ಟ ಬಂಗಡೆ ಕೆಡ್ತದ್ಯಾ, ಹಂಗೇ ಅದ್ನೂ ಇಟ್ಟೆ. ಮಳೆಗಾಲ ಬಂದರೆ ಉಪ್ಪು ಬೆವರುತ್ತದೆ ಎಂಬುದು ಮೀನು ಉಪ್ಪು ಹಾಕುವವರಿಗೆ ಗೊತ್ತಿಲ್ಲದ್ದೇನಲ್ಲ, ಆದರೆ ಮೀನಿಗೆ ಆ ನೀರು ಒಳ್ಳೆಯದು, ಫಿಲ್ಮಿಗೆ ವಿಷ, ಹೊರಗಿನ ಸುತ್ತುಗಳೆಲ್ಲ ಅಂಟಿ ಒಂದಾಗಿವೆ, ಅಂಚಿನ ತೂತುಗಳಲ್ಲಿ ಉಪ್ಪಿನ ಹರಳು ಕೂತಿದೆ, ಮೂಗಿಗೆ ಹಿಡಿದರೆ ಹುಳಿ ವಾಸನೆ, ಫಿಲ್ಮು ಕೊಳೆಯುವ ವಾಸನೆ ಅದು, ಹಲ್ಲಿನ ಚಕ್ರವಿರುವ ಯಾವ ಯಂತ್ರಕ್ಕೆ ಕೊಟ್ಟರೂ ಪಟಪಟ ಮುರಿಯುತ್ತದೆ, ಒಂದೊಂದೇ ಚೌಕವನ್ನು ಕೈಯಲ್ಲಿ ಸರಿಸಿ ಫೋಟೋ ತೆಗೆಯುವುದೊಂದೇ ದಾರಿ, ಚೊಲೋ ಅದ್ಯಾ ಮಗಾ ಎಂದು ಗಂಗತ್ತೆ ಕೇಳಿದಳು, ಚೊಲೋ ಅದೆ ಅತ್ತೆ ಎಂದಳು ಇವಳು, ಮತ್ತೇನು ಹೇಳುವುದು, ಹೆತ್ತವಳು ವಾರವಷ್ಟೇ ಎತ್ತಿಕೊಂಡದ್ದು, ಬೆಳೆಸಿದವಳು ಈ ಗಂಗತ್ತೆ, ಮೀನು ಮಾರಿ ಬಂದು ಕೈ ತೊಳೆದು ತಲೆ ಬಾಚಿದವಳು ಇವಳು, ಇವಳ ಮುಂದೆ ಕೂತು ಆಯಿಯ ಮುಖ ಬೇಕು ಆಯಿಯ ಮುಖ ಬೇಕು ಎಂದು ಹಂಬಲಿಸುವುದೇ ಒಂದು ಪಾಪದಂತೆ ಎಷ್ಟೋ ಸಲ ಅನಿಸಿದೆ. ಮತ್ತೆ ಆ ಫಿಲ್ಮಿನಲ್ಲಿರುವ ಹೆಂಗಸರ ಸಾಲಿನಲ್ಲಿ ಇವಳೇ ಕಮಲಿ ಎಂದು ಬೊಟ್ಟು ಮಾಡಿ ತೋರಿಸಲು ಈಗ ಬದುಕಿರುವುದು ಗಂಗತ್ತೆ ಒಬ್ಬಳೇ, ಆ ಕಣ್ಣು ಆರುವುದರೊಳಗೆ ದೊಡ್ಡ ಚಿತ್ರ ಮಾಡಿ ಮುಂದೆ ಹಿಡಿಯಬೇಕು.

ಹಾರವಾಡ, ಹಾರವಾಡ ಯಾರು ಇಳಿಯೂದು ಎಂದ ಕಂಡಕ್ಟರು, ಇಳಿದಳು, ಚೀಲ ತಾಗಲಿಲ್ಲ, ಮರಳ ದಾರಿ, ಒಣಹಾಕಿದ ಶೆಟ್ಲಿ ಸಿಗಡಿಯ ವಾಸನೆ, ಗಂಗತ್ತೆ ಜಗುಲಿಯಲ್ಲೇ ಕೂತಿದ್ದಾಳೆ, ಹೆಜ್ಜೆಯ ಸದ್ದಿಗೇ ಮುಖ ಎತ್ತಿ, ಬಂದ್ಯೆ ಮಗಾ, ಗಂಜಿ ಅದೆ, ಉಣ್ತ್ಯಾ ಎಂದಳು, ಎದುರಿಗೆ ನಿಂತರೂ ಕಣ್ಣು ಇವಳ ಹೆಗಲ ಹತ್ತಿರ ಎಲ್ಲೋ ನೋಡುತ್ತಿದೆ, ಹೋದ ಸಲ ಮುಖವನ್ನೇ ನೋಡುತ್ತಿತ್ತಲ್ಲ, ಇಲ್ಲವೇ ಆಗಲೂ ಹೆಗಲನ್ನೇ ನೋಡುತ್ತಿತ್ತೇ, ಆಮೇಲೆ ಉಣ್ತೆ ಅತ್ತೆ ಎಂದು ಒಳಕೋಣೆಯ ಬಾಗಿಲು ಎಳೆದು ಬೆಳಕಿನ ಹಲಗೆ ಹಚ್ಚಿದಳು, ಸುತ್ತಿಟ್ಟ ಬಟ್ಟೆ ಬಿಚ್ಚಿ ಸುರುಳಿ ತೆಗೆದಳು, ಹುಳಿ ವಾಸನೆ ಹೋದ ಸಲಕ್ಕಿಂತ ಜಾಸ್ತಿಯೋ ಹೇಗೆ, ಒಳಸುತ್ತಿನ ತುದಿ ಹಿಡಿದು ನಿಧಾನ, ನಿಧಾನ, ಫಿಲ್ಮು ಮುರುಟಿದೆ, ಹೌದು ಮುರುಟಿದೆ, ಹಲಗೆಯ ಮೇಲೆ ಇಟ್ಟರೆ ಒಣಗಿದ ಸೌತೆಸಿಪ್ಪೆಯ ಹಾಗೆ ನಡು ಎದ್ದು ನಿಲ್ಲುತ್ತದೆ, ಗಾಜು ಇಟ್ಟು ಒತ್ತೋಣವೆಂದರೆ ಉಪ್ಪಿನ ಹರಳು ಗೀರುತ್ತದೆ, ಹಾಗಾದರೆ ಐದು ಪಟ್ಟಿನದು ಆಗದು, ಅದರ ಸಿಪ್ಪೆಯಷ್ಟು ಆಳಕ್ಕೆ ಈ ಮುರುಟು ನಿಲುಕದು, ಹಳೆಯ ನಮೂನೆಯದೇ ಗತಿ, ಸರಿ, ಮಸುಕೋ ಮಬ್ಬೋ ಎಲ್ಲ ಒಂದೇ ಸಮ ಬರಲಿ ಎಂದು ರವಿಕಿರಣನಿಗೆ ಬರೆಯಲು ಮೊಬೈಲು ಎತ್ತಿದವಳು ಮತ್ತೆ ಕೆಳಗಿಟ್ಟಳು, ಮೊದಲು ಆಯಿ ಎಲ್ಲಿದ್ದಾಳೆ ನೋಡೋಣ, ಭೂತಗನ್ನಡಿ ಕಣ್ಣಿಗೆ ಕಚ್ಚಿಸಿ ಬಾಗಿದಳು, ರಂಪಣಿ ಬಲೆ ಎಳೆಯುವ ಗಂಡಸರು, ಹಗ್ಗ, ನೊರೆ, ಮರಳಿನ ಮೇಲೆ ಬೆಳ್ಳಿಯಂಥ ತಾರ್ಲೆ ಮೀನಿನ ರಾಶಿ, ಈಗ ಹೆಂಗಸರ ಸಾಲು, ತಲೆಯ ಮೇಲೆ ಬುಟ್ಟಿ, ಎಲ್ಲರೂ ಒಂದೇ ಎತ್ತರ, ಎಲ್ಲ ಸೀರೆಗೂ ಒಂದೇ ಕಂದು, ಬಣ್ಣವನ್ನು ಉಪ್ಪು ತಿಂದಿದೆ, ಅತ್ತೆ, ಆಯಿ ಯಾವ ಸೀರೆ ಉಟ್ಟಿತ್ತು, ಗಂಗತ್ತೆ ಬಾಗಿಲ ಚೌಕಟ್ಟಿಗೆ ಕೈ ಹಿಡಿದು ನಿಂತು, ಸೀರೆ ಎಲ್ಲಿ ನೆನ್ಪದೆ ಮಗಾ, ಬುಟ್ಟಿ ಇಲ್ದೆ ನಿಂತದ್ದು ಅದೊಂದೇ, ನೀ ಹೊಟ್ಟೇಲಿ ಇದ್ದೆ, ಬುಟ್ಟಿ ಹೊರೂಕೆ ನಾನೇ ಬಿಡ್ಲಿಲ್ಲ.

ಬುಟ್ಟಿಯಿಲ್ಲದವಳು. ಚೌಕ ಸರಿಸು, ಇನ್ನೊಂದು, ಇನ್ನೊಂದು, ಸಾಲಿನ ಕೊನೆಗೆ ಸಮುದ್ರದ ಕಡೆ ಮುಖ ಮಾಡಿ ನಿಂತ ಬೆನ್ನು, ಮುಡಿ, ಸೊಂಟಕ್ಕೆ ಕೈ, ಹೌದು ಬುಟ್ಟಿ ಇಲ್ಲ, ಕ್ಯಾಮೆರಾ ಅವಳ ಕಡೆ ಹೋಗುತ್ತಿದೆ, ಮಧುಕರಮಾವ ನಡೆದುಕೊಂಡೇ ಹೋಗಿದ್ದಾನೆ, ಬೆನ್ನು ದೊಡ್ಡದಾಗುತ್ತಿದೆ, ತಿರುಗುತ್ತಾಳೆ, ಈಗ ತಿರುಗುತ್ತಾಳೆ, ನಲವತ್ತು ದಾಟಿದ ಮಗಳು ಉಸಿರು ಹಿಡಿದು ನೋಡುತ್ತಿದ್ದಾಳೆ, ತಿರುಗಿದಳು, ಮತ್ತೆ ಮುಖವಿಲ್ಲ. ಅಂಗೈ. ಚೌಕದ ತುಂಬ ಒಂದು ಅಂಗೈ, ಮುಖದ ಮೇಲೆ ಒತ್ತಿ ಹಿಡಿದ ಐದು ಬೆರಳು, ಮುಂದಿನ ಚೌಕದಲ್ಲೂ ಅಂಗೈ, ಅದರ ಮುಂದಿನದರಲ್ಲೂ, ತಿರುಗುತ್ತಲೇ ಮುಚ್ಚಿಕೊಂಡಿದ್ದಾಳೆ, ಅತ್ತೆ, ಮುಖ ಮುಚ್ಕಂಡದೆ ಎಂದಳು, ಗಂಗತ್ತೆ ಬಾಗಿಲಿಂದಲೇ, ಮುಚ್ಕಂತು, ಹೌದು, ಬಸ್ರಿ ಫೋಟೋ ತೆಗಿಸ್ಕಣಬಾರ್ದು, ಹುಟ್ಟೂ ಮಗೀಗೆ ಆಗೂದಿಲ್ಲ ಹೇಳಿ ನಾವೇ ಹೆದ್ರಿಸಿದ್ದು, ಇವ್ರು ತಮಾಷೆಗೆ ಮೋರೆ ಹತ್ರನೇ ಹಿಡ್ದು ಹೋದ್ರು, ಅದು ಮುಚ್ಕಂತು, ನಿನ್ ಸಲುವಾಗಿ ಮುಚ್ಕಂತು ಮಗಾ. ತನ್ನ ಸಲುವಾಗಿ. ಈಗಿನ ಬಸುರಿಯರು ಠಾಗೋರ್ ಬೀಚಿನಲ್ಲಿ ಗೌನು ಹಾರಿಸಿಕೊಂಡು ಹೊಟ್ಟೆ ಹಿಡಿದು ನಿಲ್ಲುತ್ತಾರೆ, ಸ್ವಲ್ಪ ನಗಿ ಮೇಡಂ, ಇತ್ತ ನೋಡಿ ಮೇಡಂ ಎಂದು ಅವರ ಹಿಂದೆ ಓಡುವವಳು ತಾನು, ಅಳು ಬರುತ್ತಿದೆ, ಭೂತಗನ್ನಡಿ ತೆಗೆಯಬೇಕು, ಕಣ್ಣೀರು ಫಿಲ್ಮಿಗೆ ಬಿದ್ದರೆ ಅದೂ ಉಪ್ಪೇ, ನಂಗೊತ್ತಿತ್ತು, ಆದ್ರೂ ಇಟ್ಟೆ, ಅಂಗೈ ಆದ್ರೂ ಅದ್ರದ್ದೇ ಅಲ್ವೆ ಎಂದಳು ಗಂಗತ್ತೆ, ಎಷ್ಟು ಮೆಲ್ಲಗೆ ಎಂದರೆ ಕ್ಷಮೆ ಕೇಳಿದ ಹಾಗಿತ್ತು, ಇವಳ ಸಿಟ್ಟು ಸಂಕಟವೆಲ್ಲ ಅಲ್ಲೇ ಕುಸಿಯಿತು, ಗಂಗತ್ತೆ ಇನ್ನೂ ಹೇಳುತ್ತಿದ್ದಳು, ಮುಚ್ಕಂಡ್ರೂ ಸುಮ್ನಿರೂ ಪೈಕಿಯಲ್ಲ ಅದು, ಗಂಡಸ್ರು ಬಂದ್ರೂ ಅಷ್ಟೇ, ಕ್ಯಾಮೆರಾ ಬಂದ್ರೂ ಅಷ್ಟೇ, ಬೆರಳ ಸಂದೀಲಿ ನೋಡೂದು ಬಿಡೂದಿಲ್ಲ.

ಸಂದಿಯಲ್ಲಿ. ಮತ್ತೆ ಬಾಗಿದಳು, ಕಣ್ಣು ಒರೆಸಿಕೊಂಡು, ನಡುಬೆರಳು ಉಂಗುರಬೆರಳಿನ ನಡುವೆ ಒಂದು ಕಪ್ಪು ಚುಕ್ಕೆ, ಉಪ್ಪು ಕೂತ ಕಲೆಯಿರಬಹುದು, ಬೂಷ್ಟಿನ ಕೊಳೆಯಿರಬಹುದು, ಆಸೆ ಪಡಬೇಡ, ಇಷ್ಟೆಲ್ಲ ಆದ ಮೇಲೂ ಆಸೆ ಪಡುವುದು ಬೇಡ, ಉಪ್ಪಿನ ಕಲೆಯಾಗಿದ್ದರೆ ಈ ಒಂದು ಚೌಕದಲ್ಲಿ ಮಾತ್ರ ಇರಬೇಕು, ಮುಂದಿನದರಲ್ಲಿ ಅದೇ ಜಾಗಕ್ಕೆ ಬರಬೇಕೆಂದೇನಿಲ್ಲ, ಸರಿಸಿದಳು, ಇದೆ, ಅದೇ ಎರಡು ಬೆರಳಿನ ನಡುವೆ, ಇನ್ನೊಂದು ಚೌಕ, ಇದೆ, ಮೊಬೈಲು ಹಲಗೆಯ ಪಕ್ಕದಲ್ಲಿ ಗುಂಯ್ ಎಂದು ತಿರುಗುತ್ತಿದೆ, ರವಿಕಿರಣ, ಎಡಗೈಯಲ್ಲಿ ಎತ್ತಿ ಕಿವಿಗೆ ಒತ್ತಿದಳು, ಕಣ್ಣು ತೆಗೆಯಲಿಲ್ಲ, ಮೇಡಂ ಬಸ್ ನಿಂತೈತ್ರೀ, ಚಪ್ಪಟ್ಟ ಐತೇನು ಫಿಲ್ಮ್, ಇಲ್ಲ, ಮುರುಟಿದೆ, ಹಂಗಾರ ಹಳೇ ಸೆಟ್ಟ ಹಾಕ್ತೀನಿ, ಅದೇ ಛಲೋ ನಿಮಗ, ಬೇಡ, ಐದು ಪಟ್ಟಿನದು ಹಾಕಿ, ಮೇಡಂ ಅದರಾಗ ಅಂಚೆಲ್ಲ ಮಸುಕು ಬರ್ತೈತಿ ನೋಡ್ರಿ, ಬರಲಿ, ಅಂಚು ಬೇಡ ನನಗೆ, ಒಂದು ಸಂದಿಯಷ್ಟು ಜಾಗ ಚೊಕ್ಕ ಬಂದರೆ ಸಾಕು, ಅವನು ಏನೋ ಹೇಳುತ್ತಿದ್ದಾನೆ, ಪ್ಯಾಕಿಂಗು, ಡ್ರೈವರಿನ ನಂಬರು, ಇನ್ನೊಂದು ಚೌಕ, ಬೆರಳು ಅಲ್ಲೇ ಇವೆ, ಚುಕ್ಕೆ ಇಲ್ಲ, ಇಷ್ಟೇ, ಕೊಳೆಯೇ ಆಗಿತ್ತು, ಇನ್ನೊಂದು, ಇಲ್ಲ, ಸಂದಿಯಲ್ಲಿ ಬರೀ ಚರ್ಮದ ಬಣ್ಣ, ಇನ್ನೊಂದು, ಬಂತು, ಅದೇ ಜಾಗದಲ್ಲಿ, ಹೊಳೆಯುವ ಕಪ್ಪು, ಮುಚ್ಚಿ ತೆರೆದಿದ್ದಾಳೆ, ಆಯಿ ರೆಪ್ಪೆ ಮುಚ್ಚಿ ತೆರೆದಿದ್ದಾಳೆ, ಹಲೋ ಮೇಡಂ, ಕೇಳಸ್ತೈತೇನ್ರೀ, ಚೌಕ ಹಿಂದಕ್ಕೆ ಸರಿಸಿದಳು, ಬೆರಳು, ಚುಕ್ಕೆ ಇದೆ, ಇಲ್ಲ, ಇಲ್ಲ, ಇದೆ, ಮತ್ತೆ ಹಿಂದಕ್ಕೆ, ಇದೆ, ಇಲ್ಲ, ಇಲ್ಲ, ಇದೆ —